ಗುರಿಗೆ ಬೆನ್ನು ಮಾಡಿ ಕೂರಿಸುವ ಮಾಸ್ತರ

ಮೂಡಣ ಇನ್ನೂ ಕೆಂಪೇರಿಲ್ಲ. ಐನಾಪುರದ ಆಚೆ, ಕೃಷ್ಣೆಯ ದಂಡೆಯಲ್ಲಿ ಆಗಲೇ ಒಂದು ದನಿ ಗದರುತ್ತಿದೆ.

"ಕುತ್ತಿಗಿ ತಿರುವಬ್ಯಾಡಲೇ. ಮುಂದಿನ ಊರ ಎಲ್ಲಿಗೂ ಓಡಿ ಹೋಗೂದಿಲ್ಲ."

ಗದರುವವರು ಹಾಲಸಿದ್ದ ಮಾಸ್ತರ, ಅಥಣಿಯ ಕಾಲೇಜೊಂದರ ದೋಣಿ ಓಟದ ತರಬೇತುದಾರ. ನೀರಿನ ಮೇಲೊಂದು ಉದ್ದನೆಯ ಸಪೂರ ದೋಣಿ. ಅದರಲ್ಲಿ ನಾಲ್ವರು ಹುಡುಗರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಹುಟ್ಟು ಹಾಕುತ್ತಿದ್ದಾರೆ. ಹಿಂತುದಿಯಲ್ಲಿ ಅವರಿಗೆ ಎದುರಾಗಿ ಕುಳಿತ ಶ್ರೀಪಾಲ ಒಬ್ಬನಿಗೇ ದಾರಿ ಕಾಣುತ್ತದೆ. ಅವನು ಹೇಳಿದ್ದನ್ನು ಉಳಿದವರು ನಂಬಬೇಕು.

ಹಾಗೆ ನಂಬುವುದೇ ಹೊಳೆಸಾಲಿನವರಿಗೆ ಒಗ್ಗದ ಕೆಲಸ. ಇಲ್ಲಿ ದೋಣಿ ನಡೆಸುವವರು ಎದ್ದು ನಿಂತು, ಮುಂದೆ ಸುಳಿ ಇದೆಯೋ ಬಂಡೆ ಇದೆಯೋ ಎಂದು ಕಣ್ಣು ನೆಟ್ಟೇ ನಡೆಸುತ್ತಾರೆ. ಕುರಿ ಕಾಯುವ ಮನೆಯ ಹಾಲಸಿದ್ದರೂ ಕುರಿಗಳನ್ನು ಆಚೆ ದಡ ಮುಟ್ಟಿಸುತ್ತ ಕಲಿತದ್ದು ಹಾಗೆಯೇ. ಎಂಬತ್ತರ ದಶಕದ ಆರಂಭದಲ್ಲಿ ಸೈನ್ಯ ಸೇರಿದಾಗ, ಪುಣೆಯಲ್ಲಿ ಇವರ ತೋಳು ನೋಡಿದವರು ಸೀದಾ ದೋಣಿ ಓಟದ ತಂಡಕ್ಕೆ ಎಳೆದುಕೊಂಡರು. ಪದಕಗಳೇನೋ ಬಂದವು. ಆದರೆ ಎಲ್ಲಕ್ಕಿಂತ ದೊಡ್ಡ ಓಟದಲ್ಲಿ, ಇವರ ದೋಣಿಯೇ ಮುಂದಿದ್ದಾಗ, ಗುರಿ ಎಷ್ಟು ದೂರ ಉಳಿಯಿತೆಂದು ಹಾಲಸಿದ್ದ ಹೊರಳಿ ನೋಡಿಬಿಟ್ಟರು. ಹುಟ್ಟು ನೀರಿನಲ್ಲಿ ಸಿಕ್ಕಿತು, ದೋಣಿ ವಾಲಿತು, ಪಕ್ಕದ ತಂಡ ದಾಟಿಹೋಯಿತು.

"ನಾ ಒಬ್ಬಾಂವ ನೋಡಿದ್ದಕ್ಕ ಎಲ್ಲಾರೂ ಸೋತ್ವಿರಿ. ಒಬ್ಬರೂ ನನ್ನ ಬೈಲಿಲ್ಲ. ಬೈದಿದ್ರ ಜೀವ ಹಗೂರ ಆಗತಿತ್ತು," ಎನ್ನುತ್ತಾರೆ.

ಸೈನ್ಯ ಬಿಟ್ಟು ಬಂದ ಮೇಲೆ ಪ್ರಾಚಾರ್ಯ ವಿರುಪಾಕ್ಷಪ್ಪನವರು ಕರೆದು ಈ ಕೆಲಸ ಕೊಟ್ಟರು. ದೋಣಿಯೂ ಸೈನ್ಯದವರು ಬಿಸಾಡಿದ್ದೇ. ಮಾಸ್ತರರೇ ತೇಪೆ ಹಾಕಿ ನೀರಿಗಿಳಿಸಿದ್ದಾರೆ. ಅದಕ್ಕೆ ಆಸರೆ ದಂಡೆಯ ಮೇಲಿನ ತೋಟದ ಧರೆಪ್ಪನವರ ದ್ರಾಕ್ಷಿ ಒಣಗಿಸುವ ಶೆಡ್. "ಮಗಳ ಬಾಣಂತನಕ್ಕೂ ಇಷ್ಟ ಜಾಗಾ ಬಿಟ್ಟಿದ್ದಿಲ್ಲ ನಾವು," ಎಂದು ಧರೆಪ್ಪನವರ ಹೆಂಡತಿ ಲಕ್ಕವ್ವ ಗೊಣಗುತ್ತಾಳೆ. ಗೊಣಗುತ್ತಲೇ ದೋಣಿಗೆ ಬಿಸಿಲು ತಾಗದಂತೆ ಗೋಣಿತಟ್ಟು ಹೊದಿಸುತ್ತಾಳೆ.

ಹೋದ ವರ್ಷ ಕಾಲೇಜಿನ ಆಡಳಿತ ಮಂಡಳಿ ಖಡಾಖಂಡಿತವಾಗಿ ಹೇಳಿತು: ಮುಂದಿನ ಸಲ ಗೆಲ್ಲದಿದ್ದರೆ ದೋಣಿ ಓಟ ಬಂದ್. ಮಾಸ್ತರರಿಗೆ ಕೆಲಸ ಹೋದರೆ ಕುರಿ ಇದ್ದವು. ಆದರೆ ತಾನು ಮಾಡಿದ ತಪ್ಪನ್ನು ಈ ನೆಲದ ಒಂದು ತಂಡವಾದರೂ ಮಾಡದೆ ಗುರಿ ಮುಟ್ಟುವುದನ್ನು ನೋಡದೆ ಅವರಿಗೆ ಸಮಾಧಾನವಿರಲಿಲ್ಲ.

ಈ ಚಳಿಗಾಲದಲ್ಲಿ ಪುಣೆಯಲ್ಲಿ ಕಾಲೇಜುಗಳ ಓಟ ನಡೆಯಿತು. ಉಳಿದ ತರಬೇತುದಾರರೆಲ್ಲ ಗುರಿಯ ಹತ್ತಿರ ಗುಂಪುಗೂಡಿದ್ದರು. ಹಾಲಸಿದ್ದ ಮಾತ್ರ ಓಟ ಶುರುವಾಗುವ ಕಡೆಯೇ ನಿಂತರು. ಹುಡುಗರ ಮುಖ ಕಾಣುವುದು ಅಲ್ಲಿಂದಲೇ. ಅರ್ಧ ದಾರಿಯಲ್ಲಿ ಪಕ್ಕದ ದೋಣಿ ಮೈಮೇಲೆ ಬಂದಂತೆ ಬಂತು. ದಂಡೆಯ ತುಂಬ ಕೇಕೆ. ಮಾಸ್ತರರು ಅಲ್ಲಿಂದ ಕೂಗಿದರೆ ಹುಡುಗರಿಗೆ ಕೇಳಿಸುವಂತಿರಲಿಲ್ಲ.

ತುಸು ಹೊತ್ತಿನಲ್ಲಿ ವಿರುಪಾಕ್ಷಪ್ಪನವರು ಏದುಸಿರು ಬಿಡುತ್ತ ಓಡಿಬಂದರು. "ಮಾಸ್ತರ, ಗೆದ್ದೀವ್ರಿ. ಎಲ್ಲಾರೂ ಅಲ್ಲಿದ್ರ ನೀವ ಇಲ್ಲೇನ ಮಾಡಾಕತ್ತೀರಿ?"

ಹಾಲಸಿದ್ದ ಟವೆಲಿನಿಂದ ಕಣ್ಣೊರೆಸಿಕೊಂಡರು.

"ಗೊತ್ತಾತ್ರಿ ಸರ. ನಾಲ್ಕೂ ಹುಡುಗರ ಮಾರಿ ಕಡೀತನಕ ನನ್ನ ಕಡೀನ ಇದ್ದುವು."