ಎಡಗಾಲಿನ ತಿಗರಿ

ಬೆಟಗೇರಿಯ ನಮ್ಮ ಹಿತ್ತಿಲಲ್ಲಿ ಅಣ್ಣ ಗಡಿಗೆ ಮಾಡಲು ಕಾಲಿನಿಂದ ಒದ್ದು ತಿರುಗಿಸುವ ತಿಗರಿಯನ್ನು ತಾನೇ ಮಾಡಿಕೊಂಡಿದ್ದ. ಕೆಳಗೆ ಭಾರದ ಸಿಮೆಂಟು ಗಾಲಿ, ನಡುವೆ ಟ್ರ್ಯಾಕ್ಟರಿನ ಹಳೆಯ ಬೇರಿಂಗು. ಚಿಕ್ಕಂದಿನ ಜ್ವರದಲ್ಲಿ ಬಲಗಾಲು ಸೋತು ಅವನು ಕುಂಟುತ್ತಿದ್ದ. ಆ ಕಾಲಿಡಲು ಒಂದು ಆಸರೆ ಹಲಗೆ ಬಡಿದು, ಎಡಗಾಲಿನಿಂದಲೇ ಒದೆಯುತ್ತಿದ್ದ. ಪ್ರತಿ ಒದೆತಕ್ಕೂ ಎಡಭುಜ ತುಸು ಬಾಗುತ್ತಿತ್ತು.

ಅವನು ತೀರಿಕೊಂಡ ಮೇಲೆ ಆ ತಿಗರಿಯ ಮುಂದೆ ಕೂರಲು ನನಗೆ ಧೈರ್ಯವಾಗಲಿಲ್ಲ. ಅಳತೆ ಹಿಡಿದು ನಕ್ಷೆ ಬರೆದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕುಂಬಾರರು ಕೇಳಿದಾಗೆಲ್ಲ ಕಾರ್ಬನ್ ಹಾಳೆ ಇಟ್ಟು ಪ್ರತಿ ತೆಗೆದು ಕೊಟ್ಟೆ. ಒಂದು ಗೆರೆ ಆಚೀಚೆ ಆದರೂ ಸುಮ್ಮನಿರುವುದಿಲ್ಲ ಎಂದು ಗದರಿಸಿಯೇ ಕೊಟ್ಟೆ.

ಕೆಲವು ವರ್ಷಗಳ ನಂತರ ಮುಂಡರಗಿಯಲ್ಲಿ ಅವರಲ್ಲೊಬ್ಬನ ಮನೆಗೆ ಹೋದೆ. ಗಟ್ಟಿಮುಟ್ಟಾದ ಆಳು. ಬಲಗಾಲನ್ನು ಆಸರೆ ಹಲಗೆಯ ಮೇಲಿಟ್ಟು ಎಡಗಾಲಿನಿಂದ ಒದೆಯುತ್ತಿದ್ದ. ಎಡಭುಜ ಹಾಗೆಯೇ ಬಾಗುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ.

“ಬಲಗಾಲಿಗೆ ಏನಾಗೈತ್ರಿ?”

“ಏನೂ ಆಗಿಲ್ರಿ. ನೀವು ಕೊಟ್ಟ ನಕ್ಷಾದಾಗ ಹಂಗ ಐತಲ್ರಿ. ಮಗಳಿಗೂ ಹಂಗ ಕಲಿಸೇನ್ರಿ.”

ನನಗೆ ನೀರು ತರಲು ಅವನು ಎದ್ದು ನೆಟ್ಟಗೆ ಒಳಗೆ ನಡೆದ. ನಾನು ಅಣ್ಣನ ಕುಂಟು ಹೆಜ್ಜೆಯ ಸಪ್ಪಳಕ್ಕೆ ಕಾಯುತ್ತಾ ನಿಂತಿದ್ದೆ.