ಅಮಾವಾಸ್ಯೆಯ ದಿನ ಮಾತ್ರ ನಿಲ್ಲುತ್ತಿದ್ದ ಇಂಟರ್ನೆಟ್

ಮೊಳಕಾಲ್ಮೂರಿನ ನಮ್ಮ ದೊಡ್ಡವ್ವನ ಮನೆಯಲ್ಲಿ ಈ ಕತೆಯನ್ನು ಇವತ್ತಿಗೂ ಹೀಗೇ ಹೇಳುತ್ತಾರೆ: ಮಗಳು ಜಾಣೆ, ಕಂಪ್ಯೂಟರಿನಲ್ಲಿ ಸೀರೆಗೆ ಬುಟ್ಟಾ ಬಿಡಿಸುತ್ತಿದ್ದಳು, ಇನ್ನೇನು ಒಳ್ಳೆಯ ಕೆಲಸ ಕೈಗೆ ಹತ್ತಬೇಕು ಅನ್ನುವಷ್ಟರಲ್ಲಿ ನೆಟ್ ಕೈಕೊಟ್ಟಿತು. ಹಣೆಯಲ್ಲಿ ಬರೆದಿರಲಿಲ್ಲ, ಯಾರೇನು ಮಾಡೋಕಾಗುತ್ತೆ? ಮದುವೆಮನೆಯ ಪಂಕ್ತಿಯಲ್ಲಿ ಇದನ್ನು ಕೇಳಿದವರು ‘ಅಯ್ಯೋ ಪಾಪ’ ಅನ್ನುತ್ತಾರೆ, ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಾರೆ.

ನನಗೆ ಮೈ ಉರಿಯುತ್ತದೆ. ಕತೆ ಸುಳ್ಳು ಎಂದಲ್ಲ. ನೆಟ್ ಕೈಕೊಟ್ಟದ್ದು ನಿಜ. ಆದರೆ ಈ ಕತೆಯೊಳಗೆ ಮನುಷ್ಯರೇ ಇಲ್ಲ ನೋಡಿ. ನೆಟ್ ಇದೆ, ಹಣೆ ಇದೆ. ಆ ಮನೆಯಲ್ಲಿ ಉಂಡು ಓಡಾಡಿಕೊಂಡಿದ್ದ ಮನುಷ್ಯರೆಲ್ಲ ಎಲ್ಲಿ ಹೋದರು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಏನಾದರೂ ಇದ್ದರೆ ಅದು ಇಷ್ಟೇ: ಎದುರಾಳಿ ತಪ್ಪನ್ನು ವಸ್ತುವಿನ ತಲೆಗೆ ಕಟ್ಟಿದ ಕೂಡಲೇ ವಸ್ತುವನ್ನು ಪಕ್ಕಕ್ಕಿಟ್ಟು ಅದರ ಹಿಂದೆ ನಿಂತವರನ್ನು ನೋಡಬೇಕು.

ತಾಲ್ಲೂಕು ಊರುಗಳಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಾನು ಚಳ್ಳಕೆರೆಯಲ್ಲಿ ಡಿಗ್ರಿ ಓದುತ್ತಿದ್ದೆ, ರಜೆ ಸಿಕ್ಕಾಗ ದೊಡ್ಡವ್ವನ ಮನೆಗೆ ಹೋಗುತ್ತಿದ್ದೆ. ಆ ಮನೆಯ ಪಡಸಾಲೆಯೆಂದರೆ ಮಗ್ಗವೇ. ನೆಲದಲ್ಲಿ ಗುಂಡಿ, ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತ ದೊಡ್ಡಪ್ಪ, ಅವರ ತಲೆಯ ಮೇಲೆ ಬುಟ್ಟಾ ಎತ್ತುವ ಜಕಾರ್ಡ್ ಪೆಟ್ಟಿಗೆ. ಉಳಿದ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೆ ಅಕ್ಕನ ಕಂಪ್ಯೂಟರ್. ಅಕ್ಕ ಎಂದರೆ ದೊಡ್ಡವ್ವನ ಮಗಳು, ನನಗಿಂತ ಕೊಂಚ ದೊಡ್ಡವಳು. ಫೋನಿನ ತಂತಿ ಬಾಗಿಲ ಮೇಲಿನಿಂದ ಒಳಗೆ ಬಂದು, ಜಕಾರ್ಡ್ ಕೂತ ಮರದ ತೊಲೆಯ ಮೇಲೆ ಹಾದು, ಗೋಡೆಗುಂಟ ಇಳಿದು ಮೇಜಿನ ಮೇಲಿನ ಮೋಡೆಮ್‌ಗೆ ಬರುತ್ತಿತ್ತು.

ಅಲ್ಲಿಯವರೆಗೆ ಅಕ್ಕನ ಕೆಲಸ ಕಂಡಿಕೆ ಸುತ್ತುವುದು. ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗಳಿಗೆ ರೇಷ್ಮೆ ಎಳೆ ಸುತ್ತಿ ಸುತ್ತಿ ಅಪ್ಪನಿಗೆ ಕೊಡುವುದು. ಬೆಳಗಿನಿಂದ ಸಂಜೆಯವರೆಗೆ ಸುತ್ತಿದರೂ ಅದನ್ನು ಆ ಮನೆಯಲ್ಲಿ ಯಾರೂ ಕೆಲಸ ಅನ್ನುತ್ತಿರಲಿಲ್ಲ. ‘ಹುಡುಗಿ ಮನೇಲೇ ಇರ್ತಾಳೆ’ ಅನ್ನುತ್ತಿದ್ದರು. ಅವಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಪರದೆಯ ಚೌಕಗಳಲ್ಲಿ ನವಿಲು, ಮಾವು ತುಂಬುವುದನ್ನು ಕಲಿತಳು. ಬೇರೆ ಊರಿನ ಒಬ್ಬ ರೇಷ್ಮೆ ಸಾಹುಕಾರರು ಅವಳ ಬುಟ್ಟಾ ಮೆಚ್ಚಿ, ಮೇಲ್‌ನಲ್ಲಿ ಕಳಿಸು, ತಿದ್ದುಪಡಿ ಹೇಳಿದ ದಿನವೇ ತಿದ್ದಿ ಕಳಿಸು, ದೀಪಾವಳಿವರೆಗೆ ನೋಡುತ್ತೇನೆ, ಹೊಂದಿಕೆಯಾದರೆ ನನ್ನ ಡಿಸೈನೆಲ್ಲ ನಿನಗೇ ಅಂದಿದ್ದರು.

“ಇದೊಂದು ನಿಂತ್ರೆ ಸಾಕು ಕಣೇ, ಕಂಡಿಕೆ ಮುಟ್ಟಲ್ಲ ನಾನು” ಅಂದಿದ್ದಳು ನನ್ನ ಹತ್ತಿರ.

ನಿಲ್ಲಬೇಕಾದ್ದು ಮೋಡೆಮ್‌ನ ಹಸಿರು ದೀಪ. ಅದು ನಿಲ್ಲುತ್ತಿರಲಿಲ್ಲ. ಬೆಳಗುತ್ತಿತ್ತು, ಮಿಟುಕುತ್ತಿತ್ತು, ಆರುತ್ತಿತ್ತು. ನವಿಲಿನ ಕುತ್ತಿಗೆಯವರೆಗೆ ಹೋಗಿ ಮೇಲ್ ಅರ್ಧಕ್ಕೇ ಕಡಿದುಹೋಗುತ್ತಿತ್ತು. ಮತ್ತೆ ಮೊದಲಿಂದ.

ಆಮೇಲೆ ಶುರುವಾಯಿತು ಮನೆಯ ಪಾಂಡಿತ್ಯ. ದೊಡ್ಡವ್ವನ ತೀರ್ಮಾನ: ದೃಷ್ಟಿ. ನಿಂಬೆಹಣ್ಣಿಗೆ ಮೆಣಸಿನಕಾಯಿ ಪೋಣಿಸಿ ಮೋಡೆಮ್‌ಗೆ ಕಟ್ಟಿದಳು. ನಾನು ಹೋದಾಗ ಆ ನಿಂಬೆ ಕಪ್ಪಗಾಗಿ, ಮೆತ್ತಗಾಗಿ, ಅದರ ನೀರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿ ಅಂಟಾಗಿತ್ತು. ಅಕ್ಷರಗಳ ಸಂದಿನಲ್ಲಿ ಇರುವೆ ಸಾಲು. ವಾಸನೆಗೆ ಮೂಗು ಮುಚ್ಚಿಕೊಂಡೆ.

“ದೊಡ್ಡವ್ವ, ಇದು ಕೊಳೆತು ನಾರ್ತೈತೆ, ಬಿಸಾಕ್ಲಾ?”

“ಮುಟ್ಬ್ಯಾಡ. ಕೊಳೆತಷ್ಟೂ ದೃಷ್ಟಿ ಎಳ್ಕಂತೈತೆ.”

“ಇರುವೆ ಎಳ್ಕಂತೈತೆ ಅಷ್ಟೇ.”

“ನಿನ್ ಬಾಯಿಗೊಂದು ನಿಂಬೆಹಣ್ಣು ಕಟ್ಬೇಕು ಮೊದ್ಲು!”

ದೊಡ್ಡಪ್ಪನ ತೀರ್ಮಾನ ಬೇರೆ: ಡಬ್ಬಾನೇ ಸರಿಯಿಲ್ಲ, ಚಳ್ಳಕೆರೆ ಮಾಲು. ಸರಿ, ಕಂಪ್ಯೂಟರನ್ನು ಮೋಡೆಮ್ ಸಮೇತ ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕ ಚಳ್ಳಕೆರೆಗೆ ಬಂದಳು. ಇಬ್ಬರೂ ಸೇರಿ ಅದನ್ನು ಮಾರಿದ ಅಂಗಡಿಗೆ ಹೊತ್ತೆವು. ಅಲ್ಲಿಯ ಮೆಕ್ಯಾನಿಕ್‌ನ ಮನೆಮಾತು ಉರ್ದು; ಅವನಪ್ಪ ಪಂಪ್‌ಸೆಟ್ ಮೋಟರು ಸುತ್ತುತ್ತಿದ್ದ ಅಂಗಡಿಯಲ್ಲೇ ಅವನು ಕಂಪ್ಯೂಟರ್ ಜೋಡಿಸುತ್ತಿದ್ದ. ತನ್ನ ಲೈನಿಗೆ ಸಿಕ್ಕಿಸಿ ಮಧ್ಯಾಹ್ನವಿಡೀ ಓಡಿಸಿದ. ಒಂದು ಸಲವೂ ಕಡಿಯಲಿಲ್ಲ.

“ಬಿಲ್ಕುಲ್ ಠೀಕ್ ಐತಮ್ಮಾ. ಏನೂ ಆಗಿಲ್ಲ ಇದಕ್ಕೆ. ಒಂದು ಫಾರ್ಮ್ಯಾಟ್ ಹೊಡ್ದು ಕೊಟ್ಬಿಡ್ತೀನಿ.”

“ಏನೂ ಆಗಿಲ್ಲ ಅಂದ್ಮೇಲೆ ಫಾರ್ಮ್ಯಾಟ್ ಯಾಕ್ರಿ?” ಅಂದೆ.

“ಅಷ್ಟು ದೂರದಿಂದ ಹೊತ್ಕೊಂಡು ಬಂದೀರಿ, ಸುಮ್ನೆ ಹೆಂಗ್ ಕಳ್ಸೋದು?”

ಅಕ್ಕನ ಬುಟ್ಟಾಗಳೆಲ್ಲ ಸಿ.ಡಿ.ಯಲ್ಲಿದ್ದವು, ಬಚಾವಾದವು. ಆ ಸಿ.ಡಿ. ಇಟ್ಟುಕೊಂಡು ಚಳ್ಳಕೆರೆಯಿಂದ ನಾನೇ ಒಂದೆರಡು ಸಲ ಮೇಲ್ ಕಳಿಸಿದ್ದೂ ಉಂಟು. ಆದರೆ ತಿದ್ದುಪಡಿ ದಿನಾ ಬರುತ್ತಿತ್ತು. ದಿನಾ ಬಸ್ಸಿಗೆ ಬರಲಾದೀತೆ? ಮೊಳಕಾಲ್ಮೂರಿನಲ್ಲಿದ್ದ ಇಂಟರ್ನೆಟ್ ಅಂಗಡಿಗೆ ಹುಡುಗಿಯನ್ನು ಕಳಿಸುವ ಮಾತೇ ಇರಲಿಲ್ಲ. ದೀಪ ಹಚ್ಚಿದ ಮೇಲೆ ಮನೆಯ ಕಂಪ್ಯೂಟರನ್ನೂ ಅವಳು ಮುಟ್ಟುವಂತಿರಲಿಲ್ಲ. ‘ಸಂಜೆ ಮೇಲೆ ಯಾವ ಮೇಲು? ಯಾರ ಹತ್ರ?’ ಎಂದು ಕೇಳುವ ಮನೆ ಅದು.

ಮುಂದಿನ ಸರದಿ ಲೈನ್‌ಮನ್‌ನದು. ಬಂದವನು ಹೊಸ್ತಿಲು ದಾಟಲಿಲ್ಲ. ಬಾಗಿಲಾಚೆ ತಂತಿಗೆ ತನ್ನ ಫೋನು ಸಿಕ್ಕಿಸಿ ಕಿವಿಗಿಟ್ಟು, “ಬಾಗುಂದಿ, ಲೈನು ಬಾಗುಂದಿ” ಎಂದು ತೆಲುಗಿನಲ್ಲೇ ಸರ್ಟಿಫಿಕೇಟು ಕೊಟ್ಟು, ಟೀ ಕುಡಿದು ಹೋದ.

ಡಬ್ಬ ಸರಿ, ಹೊರಗಿನ ಲೈನು ಸರಿ. ಹಾಗಾದರೆ ತಪ್ಪು ಬಾಗಿಲಿಗೂ ಮೇಜಿಗೂ ನಡುವೆ ಇರಬೇಕು. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಆದರೆ ಆ ಮನೆಯಲ್ಲಿ ಒಬ್ಬರೂ ಹೀಗೆ ಯೋಚಿಸಲಿಲ್ಲ, ಯಾಕೆಂದರೆ ಅವರಿಗೆ ಇನ್ನೂ ಚಂದದ ಉತ್ತರವೊಂದು ಸಿಕ್ಕಿತ್ತು. ಅಮಾವಾಸ್ಯೆಯ ದಿನ ನೆಟ್ ಇಡೀ ದಿನ ಕಡಿಯದೆ ನಿಲ್ಲುತ್ತಿತ್ತು! ಒಂದು ಅಮಾವಾಸ್ಯೆಯಲ್ಲ, ಪ್ರತಿ ಅಮಾವಾಸ್ಯೆ. ದೊಡ್ಡವ್ವ ಇದನ್ನು ಬೀದಿಗೆಲ್ಲ ಸಾರಿದ್ದಳು. ಪಕ್ಕದ ಮನೆಯವರು ಬಂದು ಆರದೆ ಉರಿಯುವ ಹಸಿರು ದೀಪವನ್ನು ನೋಡಿ ಹೋಗುತ್ತಿದ್ದರಂತೆ. ಲೆಕ್ಕಗಳಲ್ಲಿ ಚುರುಕಾಗಿದ್ದ ಅಕ್ಕ ಕೂಡ ದೊಡ್ಡ ಫೈಲುಗಳನ್ನು ಅಮಾವಾಸ್ಯೆಗೆ ಎತ್ತಿಡತೊಡಗಿದ್ದಳು. ಮೋಡೆಮ್‌ಗೆ ಪಂಚಾಂಗ ಓದಿಸುವ ಮನೆ! ಕೇಳಿದಾಗ ನನಗೆ ಆ ಕೊಳೆತ ನಿಂಬೆಯ ವಾಸನೆಯೇ ಮತ್ತೆ ಮೂಗಿಗೆ ಬಡಿದ ಹಾಗಾಯಿತು.

ದೀಪಾವಳಿ ಹತ್ತಿರವಿತ್ತು. ನಾನು ಹೋದ ದಿನ ಸಾಹುಕಾರರಿಗೆ ಸೆರಗಿನ ನವಿಲು ಸಂಜೆಯೊಳಗೆ ತಲುಪಬೇಕಿತ್ತು. ಇದು ಕೊನೆಯ ಸಲ ಎಂದು ಅವರು ಹೇಳಿಬಿಟ್ಟಿದ್ದರು. ಅಕ್ಕ ಬೆಳಗಿನಿಂದ ಕಳಿಸುತ್ತಲೇ ಇದ್ದಳು, ದೀಪ ಆರುತ್ತಲೇ ಇತ್ತು. ದೊಡ್ಡಪ್ಪ ನೇಯುತ್ತಿದ್ದರು.

“ದೊಡ್ಡಪ್ಪ, ಈ ಒಳಗಿನ ವೈರನ್ನ ಯಾರಾದ್ರೂ ಮುಟ್ಟಿದ್ರಾ?”

“ಯಾರೂ ಮುಟ್ಟಿಲ್ಲ.” ಲಾಳಿ ನಿಲ್ಲಲಿಲ್ಲ.

“ಸರಿಯಾಗಿ ನೆನಪು ಮಾಡ್ಕಳ್ರಿ.”

“ಏಮಮ್ಮಾ ಲಾಯರಮ್ಮ, ಫೋನು ಮಾತಾಡ್ತೈತೋ ಇಲ್ವೋ? ಮಾತಾಡೋ ವೈರಿಗೆ ಏನ್ ರೋಗ?”

“ಮಾತು ಒರಟು ದೊಡ್ಡಪ್ಪ, ಗರಗರ ಅಂದ್ರೂ ನಡೀತೈತೆ. ನೆಟ್ ಹಂಗಲ್ಲ.”

“ನಂಗೆ ಪಾಠ ಹೇಳ್ತೀಯಾ? ಮಗ್ಗದಾಗೆ ಇಷ್ಟು ಸಾವ್ರ ಎಳೆ ಐತೆ ನೋಡು. ಒಂದೇ ಒಂದು ಕಡೀಲಿ, ಕಣ್ಣು ಬ್ಯಾಡ, ನನ್ ಕಾಲಿಗೇ ಗೊತ್ತಾತೈತೆ.”

ಈ ಮಾತನ್ನು ಅವರು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಸುಳ್ಳಲ್ಲ, ನಾನೇ ಕಂಡಿದ್ದೇನೆ. ಮಾತಾಡುತ್ತ ತುಳಿಯುತ್ತಿದ್ದವರು ತಟ್ಟನೆ ನಿಂತು, ಕಡಿದ ಎಳೆಯ ಮೇಲೇ ನೇರವಾಗಿ ಬೆರಳಿಡುತ್ತಿದ್ದರು.

ಅಷ್ಟರಲ್ಲಿ ಫೋನ್ ಬಂತು. ಫೋನು ಗುಂಡಿಯ ಪಕ್ಕದ ಗೂಡಿನಲ್ಲಿ, ದೊಡ್ಡಪ್ಪನ ಕೈಗೆಟುಕುವಲ್ಲಿ ಇರುತ್ತಿತ್ತು.

“ಹೂಂ, ಸಾಹುಕಾರ್ರೇ... ಇಲ್ಲ ಇಲ್ಲ, ಇವತ್ತೂ ನಿಂತಿಲ್ಲ... ಹೆಣ್ ಹುಡ್ಗಿ, ಅದ್ರ ಕೈಲಿ ಎಲ್ಲಾತೈತೆ ಬಿಡ್ರಿ... ನೀವು ಬ್ಯಾರೆಯವ್ರನ್ನ ನೋಡ್ಕಳ್ರಿ, ನಾವೇನು ಬೇಜಾರ್ ಮಾಡ್ಕಳಲ್ಲ.”

ಅಕ್ಕ ಅಲ್ಲೇ ಕೂತಿದ್ದಳು. ಕೈ ಚಾಚಿದ್ದರೆ ಆ ಫೋನು ಅವಳಿಗೂ ಎಟುಕುತ್ತಿತ್ತು. ‘ನಿನಗೆ ಫೋನು’ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಫೋನಿಟ್ಟು ಮಗಳಿಗೆ ಅಂದದ್ದು ಬೇರೆ.

“ಕಂಡಿಕೆ ಮುಗೀತು, ತಗಂಬಾ.”

ಅವಳು ಎದ್ದಳು. ತಂದುಕೊಟ್ಟಳು. ಅಸಹ್ಯ ಎಂದರೆ ಬಾಯೊಳಗೆ ರುಚಿಯಾಗಿ ಬರುತ್ತದೆ ಎಂದು ಗೊತ್ತಾದದ್ದೇ ಆಗ.

“ಸಂಜೆ ತನಕ ಟೈಮಿತ್ತಲ್ಲ, ಯಾಕ್ ಹಂಗಂದ್ರಿ?” ಎಂದು ಕೇಳಿದೆ.

“ಆಗದೇ ಇರೋದಕ್ಕೆ ಅವ್ರನ್ನ ಯಾಕೆ ಕಾಯ್ಸೋದು?” ಅಂದು ಊಟಕ್ಕೆ ಎದ್ದರು. ದೊಡ್ಡವ್ವ, ಒಳಗಿನಿಂದಲೇ, “ಹೂಂ ಮತ್ತೆ, ಮರ್ಯಾದೆ ಮುಖ್ಯ” ಅಂದಳು.

ಪಡಸಾಲೆ ಖಾಲಿಯಾಯಿತು. ನಾನು ಮೋಡೆಮ್ ಎದುರು ಸುಮ್ಮನೆ ಕೂತಿದ್ದೆ. ಹಸಿರು ದೀಪ ಹೊತ್ತಿಕೊಂಡಿತು. ಆರಲಿಲ್ಲ. ಒಳಗೆ ಬಡಿಸುತ್ತಿದ್ದ ಅಕ್ಕ ಸಾರಿನ ಸೌಟು ಹಿಡಿದೇ ಇಣುಕಿದಳು.

“ಊಟದ ಹೊತ್ನಾಗೆ ಹಿಂಗೇ ನಿಂತ್ಕಂತೈತೆ ಅದು.”

“ಮತ್ತೆ ಆಗ್ಲೇ ಕಳಿಸ್ಬಾರ್ದಾ?”

“ಬಡಿಸೋರ್ಯಾರು, ನಿಮ್ಮಪ್ಪನಾ?”

ಊಟದ ಹೊತ್ತು. ಅಮಾವಾಸ್ಯೆ. ಅಮಾವಾಸ್ಯೆಯ ದಿನ ಆ ಬೀದಿಯಲ್ಲಿ ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ತಲೆತಲಾಂತರದಿಂದ ನೇಕಾರರ ರಜೆ ಅದು. ಆ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಸಂಗತಿ. ಎಲ್ಲರಿಗೂ ಗೊತ್ತಿತ್ತು, ಹಾಗಾಗಿಯೇ ಯಾರೂ ನೋಡಲಿಲ್ಲ.

ನಾನು ಗುಂಡಿಗೆ ಇಳಿದೆ. ಲಾಳಿ ಮುಟ್ಟದೆ ಬರೀ ಕಾಲುಮಣೆ ತುಳಿದೆ. ತಲೆಯ ಮೇಲೆ ಜಕಾರ್ಡ್ ಧಡಕ್ಕನೆ ಎದ್ದು ಕೂತಿತು, ತೊಲೆ ಅದುರಿತು. ದೀಪ ಮಿಟುಕಿತು. ಇನ್ನೊಮ್ಮೆ ತುಳಿದೆ. ಆರಿತು. ಸೌಟಿನಿಂದ ಸಾರು ನೆಲಕ್ಕೆ ಸುರಿಯುತ್ತಿದ್ದುದು ಅಕ್ಕನಿಗೆ ತಿಳಿಯಲೇ ಇಲ್ಲ.

ಸ್ಟೂಲು ಹಾಕಿ ತೊಲೆಯ ಮೇಲೆ ನೋಡಿದೆ. ಧೂಳಿನ ನಡುವೆ, ಜಕಾರ್ಡ್ ಪೆಟ್ಟಿಗೆಗೆ ಒತ್ತಿಕೊಂಡೇ, ತಂತಿ ಕಡಿದು ಸೇರಿಸಿದ ಜಾಗ. ಟೇಪಿಲ್ಲ, ಗಂಟಿಲ್ಲ. ತಾಮ್ರದ ತುದಿಗಳನ್ನು ನವಿರಾಗಿ ಒಂದರೊಳಗೊಂದು ಹೊಸೆದಿತ್ತು, ಮೇಲೆ ಬೂದುಬಣ್ಣದ ಪುಡಿ. ಅಕ್ಕ ಹತ್ತಿ ನೋಡಿ ಗುರುತು ಹಿಡಿದಳು.

“ಇದು ಅಪ್ಪನ ಕೈ. ಕೆಚ್ಚಿದಾರೆ.”

ನೇಕಾರರು ರೇಷ್ಮೆ ಎಳೆ ಕಡಿದರೆ ಗಂಟು ಹಾಕುವುದಿಲ್ಲ. ಗಂಟು ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು ತುದಿಗೆ ತುದಿ ಹೊಸೆದುಬಿಡುತ್ತಾರೆ. ಅದೇ ಕೆಚ್ಚುವುದು. ಮಳೆಗಾಲದ ಶುರುವಿನಲ್ಲಿ ಇಲಿ ತಂತಿ ಕಡಿದಿತ್ತಂತೆ. ಲೈನ್‌ಮನ್‌ಗೆ ಯಾಕೆ ಕಾಯಬೇಕು ಎಂದು ದೊಡ್ಡಪ್ಪ ಬೂದಿ ಹಚ್ಚಿಕೊಂಡು ಕೆಚ್ಚಿದ್ದರು. ಆ ಬೂದಿಯ ಪದರದ ಮೇಲೆ, ಪ್ರತಿ ತುಳಿತಕ್ಕೂ ಅದುರುವ ತೊಲೆಯ ಮೇಲೆ, ನೆಟ್ ನಿಲ್ಲಬೇಕಿತ್ತು!

“ಯಾರೂ ಮುಟ್ಟಿಲ್ಲ ಅಂದ್ರಲ್ಲೇ?”

“ಅಪ್ಪಂಗೆ ಕೆಚ್ಚೋದು ಅಂದ್ರೆ ಮುಟ್ಟೋದಲ್ಲ ಕಣೇ” ಅಂದಳು ಅಕ್ಕ. ಅಪ್ಪನ ಪರ ವಕಾಲತ್ತು!

ಬೂದಿಯನ್ನು ಬ್ಲೇಡಿನಿಂದ ಕೆರೆದು, ತಾಮ್ರ ಹೊಳೆಯುವಂತೆ ಮಾಡಿ, ಬಿಗಿಯಾಗಿ ತಿರುಚಿ, ಟೇಪು ಸುತ್ತಿ, ತಂತಿಯನ್ನು ತೊಲೆಯಿಂದ ಎಳೆದು ಗೋಡೆಯ ಮೊಳೆಗೆ ಕಟ್ಟಿದೆ. ಕೊಳೆತ ನಿಂಬೆಯನ್ನು ಕಾಗದದಲ್ಲಿ ಹಿಡಿದು ಚರಂಡಿಗೆ ಎಸೆದೆ. ನವಿಲು ಕುತ್ತಿಗೆ ದಾಟಿತು, ಗರಿಯೂ ಹೋಯಿತು, ಪೂರ್ತಿ ಹೋಯಿತು. ಅಕ್ಕ ತಾನೇ ಫೋನ್ ಮಾಡಿದಳು, ಮೊದಲ ಸಲ. ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

“ನಿಮ್ ತಂದೆಯವ್ರೇ ಬ್ಯಾಡ ಅಂದ್ರಲ್ಲಮ್ಮ. ಆಗ್ಲೇ ಬೇರೆ ಹುಡುಗ್ನಿಗೆ ಮಾತು ಕೊಟ್ಬಿಟ್ಟೆ.”

ಫೋನಿಟ್ಟು ಅವಳು ಚೆಲ್ಲಿದ ಸಾರು ಒರೆಸಿದಳು. ಆಮೇಲೆ ಕಂಡಿಕೆ ಸುತ್ತುವ ರಾಟೆಯ ಮುಂದೆ ಕೂತಳು.

ಉಂಡು ಒಂದು ನಿದ್ದೆ ತೆಗೆದ ದೊಡ್ಡಪ್ಪ ಮುಖ ಒರೆಸಿಕೊಳ್ಳುತ್ತ ಬಂದು ಗೋಡೆಯ ಮೇಲಿನ ಟೇಪು ನೋಡಿದರು. ಬೆರಳಲ್ಲಿ ಹಿಸುಕಿದರು.

“ಏನ್ ದಪ್ಪ ಗಂಟು ಹಾಕೀಯೇ! ನಮ್ ಕೆಲಸದಾಗೆ ಹಿಂಗ್ ಹಾಕಿದ್ರೆ ಸೀರೆ ವಾಪಸ್ ಬರ್ತಿತ್ತು.”

ಮಗಳ ಕಡೆ ನೋಡಲಿಲ್ಲ. ಗುಂಡಿಗೆ ಇಳಿದು ತುಳಿಯತೊಡಗಿದರು. ಜಕಾರ್ಡ್ ಧಡಕ್ಕೆಂದಿತು, ಹಸಿರು ದೀಪ ಕದಲಲಿಲ್ಲ. ಒಂದು ಗಳಿಗೆ ಅವರ ಕಣ್ಣು ಆ ದೀಪದ ಮೇಲೆ ನಿಂತದ್ದನ್ನು ನಾನು ನೋಡಿದೆ. ಆಗ ಕೇಳಿದೆ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಲೇ ಇತ್ತು. ಮದುವೆಮನೆಗಳಲ್ಲಿ ಹಣೆಬರಹದ ಕತೆ ಶುರುವಾದಾಗಲೆಲ್ಲ ಪಂಕ್ತಿಯ ನಡುವೆ ಎದ್ದು ನಿಂತು ಮತ್ತೆ ಕೇಳಬೇಕೆನಿಸುವುದು ಇದನ್ನೇ:

“ದೊಡ್ಡಪ್ಪ, ಸಾವ್ರ ಎಳೇಲಿ ಒಂದು ಕಡಿದ್ರೆ ನಿಮ್ಮ ಕಾಲಿಗೇ ಗೊತ್ತಾತೈತೆ ಅಂತೀರಲ್ಲ, ತಲೆ ಮೇಲೆ ನೀವೇ ಕೆಚ್ಚಿದ ಎರಡೆಳೆ ತಂತಿ, ನೀವು ತುಳಿದಾಗೆಲ್ಲ ಬಿಡ್ತಿತ್ತು ಅನ್ನೋದು ನಿಮಗೆ ಗೊತ್ತೇ ಆಗ್ಲಿಲ್ವಾ?”