ಒರೆಸಿಟ್ಟ ಬಾಚಣಿಗೆ

ಎಲ್ಲರ ಬಾಯಲ್ಲೂ ಅವಳು ತೊಟ್ಟಿಯಮ್ಮ. ಇನ್ನೂರು ವರ್ಷದ ಹಿಂದೆ ಮುಳುಗಿದ ಹಡಗಿನ ನಿಧಿಯನ್ನು ಕಾಯುವವಳು ಎಂದರೆ ಜನ ಕಣ್ಣರಳಿಸುತ್ತಿದ್ದರು. ಕಾಯುವುದೇನು ಮಣ್ಣು! ಮ್ಯೂಸಿಯಮ್ಮಿನ ಹಿಂದಿನ ಶೆಡ್ಡಿನಲ್ಲಿ ನಲವತ್ತೊಂದು ಪ್ಲಾಸ್ಟಿಕ್ ತೊಟ್ಟಿಗಳ ನೀರು ಬದಲಿಸುವುದೇ ಅವಳ ಕೆಲಸ. ಸಮುದ್ರದ ಉಪ್ಪು ಕುಡಿದ ಮರವನ್ನು ವರ್ಷಗಟ್ಟಲೆ ಸಿಹಿನೀರಿನಲ್ಲಿ ನೆನೆಸಿ, ಆಮೇಲೆ ಮೇಣದಂಥ ಔಷಧ ಕುಡಿಸಬೇಕು. ಅದಕ್ಕೆ ಮೊದಲೇ ಒಣಗಿತೋ, ಸೀಳಿ ಪುಡಿಯಾಗುತ್ತದೆ. ನೋಡಲು ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ ಅವಳ ಗಂಟಲೇ ಒಣಗಿತ್ತು.

ಚಿನ್ನದ ನಾಣ್ಯಗಳು ವಾರದೊಳಗೆ ಗಾಜಿನ ಪೆಟ್ಟಿಗೆ ಸೇರಿದ್ದವು. ಚಿನ್ನಕ್ಕೇನು ಧಾಡಿ? ಅವಳ ಜೀವವೆಲ್ಲ ಹದಿನೇಳನೆಯ ತೊಟ್ಟಿಯಲ್ಲಿತ್ತು: ಯಾವನೋ ನಾವಿಕನ ಮರದ ಬಾಚಣಿಗೆ. ಹಲ್ಲುಗಳ ನಡುವೆ ಇನ್ನೂ ಎರಡು ಕೂದಲೆಳೆ. ಮೂರು ವರ್ಷ ನೆನೆದಿದೆ, ಮುಂದಿನ ತಿಂಗಳು ಔಷಧದ ಸರದಿ.

ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಬೇರೆ ಜನವಿಲ್ಲವೆಂದು ಮ್ಯೂಸಿಯಮ್ಮಿನ ಸಾಹೇಬರು ಕೈಚೆಲ್ಲಿದಾಗ, ಮೂರು ದಿನಕ್ಕೆ ತನ್ನ ಅಕ್ಕನನ್ನೇ ಕಳಿಸಿದಳು. ಅಕ್ಕನೋ, ಲೋಟದಲ್ಲಿ ಒಂದು ಹನಿ ನೀರು ಉಳಿದರೂ ಮನೆ ತಲೆಮೇಲೆ ಹೊತ್ತುಕೊಳ್ಳುವವಳು. ಒದ್ದೆ ಪಾತ್ರೆ ಎತ್ತಿಟ್ಟದ್ದಕ್ಕೆ ತಂಗಿಯನ್ನು ನಲವತ್ತು ವರ್ಷದಿಂದ ಬೈಯುತ್ತ ಬಂದವಳು. ಗೊತ್ತಿದ್ದೂ ಕಳಿಸಿದ ಬುದ್ಧಿಗೆ ಏನೆನ್ನಬೇಕು?

ನಾಲ್ಕನೆಯ ದಿನ ಬಂದು ನೋಡಿದರೆ ಬಾಚಣಿಗೆ ಕಿಟಕಿಯ ಬಿಸಿಲಲ್ಲಿ, ಬಿಳಿಯ ಬಟ್ಟೆಯ ಮೇಲೆ, ಐದು ತುಂಡಾಗಿ ಮಲಗಿತ್ತು. ಬೀಗದ ಕೈ ಒಪ್ಪಿಸಲು ಅಕ್ಕನೂ ಜೊತೆಗೆ ಬಂದಿದ್ದಳು.

"ಮುಟ್ಟಬೇಡ ಅಂದಿರ್ಲಿಲ್ವಾ ಅಕ್ಕ?"

"ಪಾಚಿ ಕಟ್ಟಿತ್ತು ಕಣೇ. ತಂಗಿ ಕೊಳಕಿ ಅಂತ ಯಾರಾದ್ರೂ ಅಂದ್ಕೊಂಡ್ರೆ? ಅದಕ್ಕೆ ಚೆನ್ನಾಗಿ ಒರೆಸಿ ಒಣಗಿಸ್ದೆ."

ಕೂದಲೆಳೆಗಳನ್ನೂ ಕಿತ್ತು ಎಸೆದಿದ್ದಳು, ಕಸವೆಂದು. ತೊಟ್ಟಿಯಮ್ಮ ತುಂಡುಗಳನ್ನು ಮತ್ತೆ ನೀರಿಗೆ ಬಿಟ್ಟಳು. ಪ್ರಯೋಜನವಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸಾಹೇಬರು ಬಂದರು. ತೊಟ್ಟಿಯನ್ನು ನೋಡಿ ಹಣೆ ಒತ್ತಿಕೊಂಡರು.

"ಯಾರ ಕೆಲಸ ಇದು?"

ಅಕ್ಕ ಸೆರಗು ಬಾಯಿಗೆ ಒತ್ತಿ ಗೋಡೆಗೆ ಅಂಟಿಕೊಂಡಿದ್ದಳು.

"ನಂದೇ ಸಾರ್," ಎಂದಳು ತೊಟ್ಟಿಯಮ್ಮ. "ಜ್ವರದಲ್ಲಿ ಸರಿಯಾಗಿ ಹೇಳಿ ಕಳಿಸ್ಲಿಲ್ಲ."

ಸಾಹೇಬರು ಅಲ್ಲೇ ನಿಂತು ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಅಜಾಗರೂಕತೆ ಎಂದು ಬರೆದರು. ಮೂರು ವರ್ಷದಲ್ಲಿ ಒಂದು ದಿನವೂ ನೀರು ತಪ್ಪಿಸದವಳ ಹೆಸರಿನ ಮುಂದೆ! ಸಂಜೆ ಅಕ್ಕ ತಂಗಿ ಒಟ್ಟಿಗೇ ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ, ತಟ್ಟೆ, ಲೋಟ, ಪಾತ್ರೆಗಳೆಲ್ಲ ನೀರು ಸೋರುತ್ತ ಹಾಗೇ ಕೂತಿದ್ದವು. ಅಕ್ಕ ಮಣೆಯ ಮೇಲೆ ಕೈಕಟ್ಟಿ ಕೂತಿದ್ದಳು.

"ಇದೇನು, ಒರೆಸಿಲ್ವಾ?"

"ಭಯ ಆಯ್ತು ಕಣೇ."

ತೊಟ್ಟಿಯಮ್ಮನಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿಬಂತು. ಈ ಹೆಂಗಸಿನ ಮೇಲೆ ನೆಟ್ಟಗೆ ಕೋಪಿಸಿಕೊಳ್ಳುವ ಭಾಗ್ಯವೂ ತನಗಿಲ್ಲವಲ್ಲ! ಬಟ್ಟೆಯನ್ನು ತಂದು ಅಕ್ಕನ ಮಡಿಲಿಗೆ ಎಸೆದಳು.

"ಒರೆಸು. ಇವು ಹಡಗಿಂದ ಬಂದಿದ್ದಲ್ಲ."